ಭಾರ ಬಿಡು

ಹಲ್ಲಿ ಲೊಚಗುಟ್ಟಿದರೆ ನೆಲ ತಟ್ಟಿ ‘ಕೃಷ್ಣ ಕೃಷ್ಣ’ ಎನ್ನುವ ಜನ ನಾವು. ಮೈಯೊಳಗಿನ ಮೂಳೆಯೂ ಲೊಚಗುಟ್ಟುತ್ತದೆ, ಮುರಿಯುವುದಕ್ಕೆ ಹದಿನೈದಿಪ್ಪತ್ತು ದಿನ ಮೊದಲಿನಿಂದಲೇ ಲೊಚಗುಟ್ಟುತ್ತದೆ ಎಂಬುದು ಗೊತ್ತಾಗಲು ಮಾತ್ರ ಬಹಳ ಕಾಲ ಹಿಡಿಯಿತು. ಕಿವಿಗೆ ಕೇಳುವ ಸದ್ದಲ್ಲ ಅದು. ಕೂದಲೆಳೆಗಿಂತ ತೆಳ್ಳಗಿನ ಬಿರುಕೊಂದು ಮೂಳೆಯೊಳಗೆ ಬಾಯಿ ತೆರೆದಾಗ ಹುಟ್ಟುವ ಸದ್ದು. ಅದನ್ನು ಹಿಡಿಯಲು ಚರ್ಮಕ್ಕೆ ಬಿಗಿಯಾಗಿ ಕಟ್ಟುವ ಪಟ್ಟಿ ಬೇಕು. ಪಟ್ಟಿ ಹಿಡಿದದ್ದನ್ನು ಕೂತು ಗಮನಿಸಲು ಜನ ಬೇಕು. ಹುಬ್ಬಳ್ಳಿಯ ಆಸ್ಪತ್ರೆಯೊಂದರ ಮೂರನೇ ಮಹಡಿಯಲ್ಲಿ ಅಂಥವರು ಆರು ಮಂದಿ ಇದ್ದರು. ಅವರ ಕೋಣೆಯ ಬಾಗಿಲಿಗೆ ಒಂದು ಮಾರುದ್ದದ ಇಂಗ್ಲಿಷ್ ಹೆಸರು ಅಂಟಿಸಿತ್ತು. ಆದರೆ ಕಸ ಗುಡಿಸುವವರಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರೂ ಅದನ್ನು ಕರೆಯುತ್ತಿದ್ದದ್ದು ‘ಲೊಚ್ ರೂಮು’ ಎಂದೇ.

ಗಂಗಾಂಬಿಕೆ ಅಲ್ಲಿ ಹಗಲು ಪಾಳಿಯವಳು. ತಿಪಟೂರಿನ ಹೆಣ್ಣು, ಮೂವತ್ನಾಲ್ಕು ವಯಸ್ಸು, ಹುಬ್ಬಳ್ಳಿಗೆ ಬಂದು ನಾಲ್ಕು ವರ್ಷ. ಅವಳ ಮುಂದಿನ ಪರದೆಯಲ್ಲಿ ಅರವತ್ತೈದು ಗೆರೆಗಳು ಓಡುತ್ತಿದ್ದವು. ಒಂದೊಂದೂ ಒಂದು ಮಗುವಿನ ಮೂಳೆ. ಮಕ್ಕಳ ಹೆಸರು ಪರದೆಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಇರುತ್ತಿತ್ತಾದರೂ ಆರೂ ಮಂದಿ ಊರು ಮತ್ತು ಅಂಗದಿಂದಲೇ ಮಾತಾಡಿಕೊಳ್ಳುತ್ತಿದ್ದರು. “ಸಿಂದಗಿ ಬಲಮೊಣಕಾಲು ಇವತ್ತು ಆರಾಮ.” “ಹಾನಗಲ್ ತೋಳು ಶಾಲೆಗೆ ಹೋಗಿದೆ.” ಕೇಳಿದವರಿಗೆ ಇದು ಕಟುಕರ ಅಂಗಡಿಯ ಮಾತಿನಂತಿತ್ತು, ಅವರಿಗೆ ಮಾತ್ರ ಅಕ್ಕರೆಯ ಮಾತೇ.

ಈ ಮಕ್ಕಳೆಲ್ಲ ಮೂಳೆಯ ಕ್ಯಾನ್ಸರಿನಿಂದ ಎದ್ದು ಬಂದವರು. ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದ ಜಾಗದಲ್ಲಿ ಹಿಂದಿನ ಕಾಲದಲ್ಲಾದರೆ ಲೋಹದ ಸಲಾಕೆ ಕೂರಿಸುತ್ತಿದ್ದರು. ಈಗ ಹಂದರ. ಜೇನುಹುಟ್ಟಿನ ಹಾಗೆ ತೂತು ತೂತಾಗಿ ಸುಣ್ಣದಂಥ ಖನಿಜದಿಂದ ಮುದ್ರಿಸಿದ ತುಂಡು ಅದು. ಮಗುವಿನದೇ ಸೊಂಟದ ಮೂಳೆಯಿಂದ ತೆಗೆದ ಜೀವಕೋಶಗಳನ್ನು ಅದರಲ್ಲಿ ಬಿತ್ತಿದರೆ ಮೂರು ವರ್ಷದಲ್ಲಿ ಸುಣ್ಣ ಕರಗಿ ಹೋಗಿ ಸ್ವಂತ ಮೂಳೆ ನಿಲ್ಲುತ್ತದೆ. ಆದರೆ ಮೂಳೆಗೊಂದು ಹಟವಿದೆ. ಭಾರ ಬಿದ್ದಲ್ಲಿ ಮಾತ್ರ ಬೆಳೆಯುತ್ತದೆ, ಬೀಳದಿದ್ದಲ್ಲಿ ಕರಗುತ್ತದೆ. ಆದ್ದರಿಂದ ದಿನಕ್ಕೆ ಎರಡು ಸಲ, ಹನ್ನೊಂದು ಹನ್ನೊಂದು ನಿಮಿಷ, ಮಗು ಆ ಕಾಲಿನ ಮೇಲೆ ಹದವಾಗಿ ಭಾರ ಹಾಕಿ ನಿಲ್ಲಬೇಕು. ಲೊಚಗುಟ್ಟುವುದು ಹೆಚ್ಚಾಯಿತೋ, ಆ ಕ್ಷಣವೇ ಕಾಲನ್ನು ಹಗುರ ಮಾಡಬೇಕು. ಮೊದಲ ಪಟ್ಟಿಗಳು ಇದಕ್ಕಾಗಿ ಕಿರ್ರೆಂದು ಕೂಗುತ್ತಿದ್ದವು. ಮಕ್ಕಳು ಬೆಚ್ಚಿ ಬೀಳುತ್ತಾರೆಂದು ಆಮೇಲೆ ಕೂಗು ತೆಗೆದು ಹೆಣ್ಣುದನಿ ಹಾಕಿದರು. ಆ ದನಿ ಗಂಗಾಂಬಿಕೆಯದೇ.

ಹಂದರ ಮುರಿದರೆ ಎರಡನೆಯದಿಲ್ಲ. ಕ್ಯಾನ್ಸರಿನ ಮದ್ದು ಗಡ್ಡೆಯನ್ನಷ್ಟೇ ತಿಂದು ಸುಮ್ಮನಾಗುವುದಿಲ್ಲ, ಬೆನ್ನು ಸೊಂಟ ಕಾಲು ಎನ್ನದೆ ಎಲ್ಲ ಮೂಳೆಯನ್ನೂ ಒಳಗಿನಿಂದ ಜಾಳು ಮಾಡುತ್ತದೆ. ಅದೂ ಎಂಥ ವಯಸ್ಸಿನಲ್ಲಿ? ಹದಿನೆಂಟರೊಳಗೆ ಕಟ್ಟಿಕೊಂಡ ಮೂಳೆಯೇ ಎಂಬತ್ತರವರೆಗೆ ಹೊರಬೇಕಾದ ವಯಸ್ಸಿನಲ್ಲಿ. ಬಿತ್ತನೆಗೆ ಕೋಶ ಸಿಗುವುದು ಒಂದೇ ಸಲ. ಸಲಾಕೆಯನ್ನಾದರೂ ಕೂರಿಸೋಣವೆಂದರೆ ಅದನ್ನು ಕಚ್ಚಿ ಹಿಡಿಯುವ ಗಟ್ಟಿ ಮೂಳೆ ಮೇಲೂ ಇಲ್ಲ, ಕೆಳಗೂ ಇಲ್ಲ. ಹಂದರ ಹೋದರೆ ಕಾಲು ಹೋಯಿತು, ಅಷ್ಟೇ.

ಗುಳೇದಗುಡ್ಡ ಎಡತೊಡೆಯ ಗೆರೆ ಒಂಬತ್ತು ದಿನದಿಂದ ಕೆಟ್ಟು ಕೂತಿತ್ತು.

ಶಾಕಂಬರಿ ಎಂಬ ಹುಡುಗಿ, ಹದಿಮೂರು ವರ್ಷ. ಹಂದರ ಹಾಕಿ ಏಳನೇ ತಿಂಗಳು. ಆರು ತಿಂಗಳು ಅವಳ ಮೂಳೆ ಪಾಠ ಒಪ್ಪಿಸುವ ಜಾಣ ಮಗುವಿನ ಹಾಗೆ ಬೆಳೆದಿತ್ತು; ಕಾಲನ್ನು ಹಗುರ ಮಾಡು ಎಂದು ಪಟ್ಟಿ ಹೇಳುವ ಪ್ರಸಂಗವೇ ಬಂದಿರಲಿಲ್ಲ. ಏಳನೆಯ ತಿಂಗಳು ಭಾರ ಜಾಸ್ತಿ ಮಾಡುವ ಕಾಲ. ಅಲ್ಲಲ್ಲಿ ಲೊಚಗುಟ್ಟುವುದು ಸಹಜ. ಪಟ್ಟಿ ಹೇಳುತ್ತದೆ, ಮಗು ಕಾಲೆತ್ತುತ್ತದೆ, ಮೂಳೆ ಸುಧಾರಿಸಿಕೊಳ್ಳುತ್ತದೆ. ಇವಳ ಗೆರೆಯಲ್ಲಿ ಮಾತ್ರ ಎಲ್ಲ ತಿರುವುಮುರುವು. ಪಟ್ಟಿ ಹೇಳಿದ ಮರುಕ್ಷಣ ಭಾರ ಇಳಿಯುವ ಬದಲು ಏರುತ್ತಿತ್ತು.

“ಪಟ್ಟಿಯೇ ಕೆಟ್ಟಿರಬೇಕು ಸರ್,” ಎಂದಳು ಗಂಗಾಂಬಿಕೆ, ಹಂದರ ಕೂರಿಸಿದ ಡಾಕ್ಟರ್ ಸವದತ್ತಿಮಠರ ಹತ್ತಿರ.

ಡಾಕ್ಟರರು ಕನ್ನಡಕವನ್ನು ಹಣೆಗೇರಿಸಿ ಗೆರೆ ನೋಡಿದರು. ಅರವತ್ತರ ಹತ್ತಿರದ ಮನುಷ್ಯ, ಮಾತು ಕಡಿಮೆ, ಕೈ ನಿಧಾನ. “ಹೋದ ಸೋಮವಾರ ಹೊಸಾದು ಕಳಿಸೇವಲ್ರಿ. ಎರಡೂ ಒಂದs ಹೇಳಾಕತ್ತಾವು. ಪಟ್ಟಿ ಸುಳ್ಳ ಹೇಳಾಂಗಿಲ್ಲ, ಹುಡುಗಿ ಹೇಳಬಹುದು. ಹದಿಮೂರು ಅಂದ್ರ ಮಾತ ಕೇಳೋ ವಯಸ್ಸಲ್ಲ. ಮನೀಗೆ ಫೋನ್ ಹಚ್ಚಿ ಸ್ವಲ್ಪ ಬಿರಸಾಗಿ ಹೇಳ್ರಿ.”

“ಸರ್, ಇನ್ನೆಷ್ಟು ದಿನ ತಡೀಬಹುದು?”

“ಹಿಂಗs ಹೋದ್ರ? ಒಂದ ವಾರ. ಈಗ ನಿಲ್ಲಿಸಿದ್ರ ಉಳೀತದ. ಅದಕ್ಕs ಹೇಳಾಕತ್ತೇನಿ, ಬಿರಸಾಗಿ ಹೇಳ್ರಿ.”

ಮಧ್ಯಾಹ್ನದ ಊಟಕ್ಕೆ ಮುಂಚೆ ಗಂಗಾಂಬಿಕೆ ಫೋನು ಮಾಡಿದಳು. ಎತ್ತಿದವಳು ಹುಡುಗಿಯ ತಾಯಿ ನೀಲವ್ವ. ಕುಪ್ಪಸ ಹೊಲಿಯುವವಳು, ಹಿನ್ನೆಲೆಯಲ್ಲಿ ಹೊಲಿಗೆ ಯಂತ್ರ ಓಡಿ ನಿಂತ ಸದ್ದು ಕೇಳಿಸಿತು.

“ನೀಲವ್ವನವರಾ? ನಾನು ಆಸ್ಪತ್ರೆಯಿಂದ ಗಂಗಾಂಬಿಕೆ.”

“ಅಯ್ಯ, ಹೆಸರ ಯಾಕ ಹೇಳತೀರಿ ಮೇಡಂ? ದಿನಾ ಎರಡ ಸಲ ಮನ್ಯಾಗ ನಿಮ್ಮ ದನಿ ಕೇಳತೀವಿ. ನಮ್ಮ ಮಾವನಾರು ನಿಮಗ ‘ಪಟ್ಟಿ ಅಕ್ಕಾ’ ಅಂತಾರ.”

ಇನ್ನೊಂದು ದಿನವಾಗಿದ್ದರೆ ಗಂಗಾಂಬಿಕೆ ನಗುತ್ತಿದ್ದಳು. “ಶಾಕಂಬರಿ ಪಟ್ಟಿ ಮಾತು ಕೇಳ್ತಿಲ್ಲ ಕಣಮ್ಮ. ನಮಗಿಲ್ಲಿ ಎಲ್ಲಾ ಕಾಣ್ಸುತ್ತೆ.”

“ಕೇಳತಾಳ್ರಿ. ನಾನs ಮುಂದ ನಿಂತ ಮಾಡಸ್ತೀನಿ.”

“ನೀವು ಎದುರಿಗಿದ್ದಾಗ ಒಂಥರಾ, ಇಲ್ಲದಿದ್ದಾಗ ಒಂಥರಾ ಮಾಡ್ತಾಳೇನೋ. ನೋಡಿ, ಪಟ್ಟಿ ಭಾರ ಬಿಡು ಅಂದ್ರೆ ಬಿಡಬೇಕು. ಅವಳು ಬಿಡ್ತಿಲ್ಲ.”

“ಬಿಡತಾಳ್ರಿ ಮೇಡಂ. ಅತಗೊಂತರೆ ಬಿಡತಾಳ.”

ಆ ‘ಅತಗೊಂತ’ ಎಂಬ ಮಾತಿನಲ್ಲೇ ಗಂಗಾಂಬಿಕೆ ನಿಲ್ಲಬೇಕಿತ್ತು. ಅಳುತ್ತ ಯಾಕೆ ಬಿಡುತ್ತಾಳೆ ಎಂದು ಕೇಳಬೇಕಿತ್ತು. ಕಾಲೆತ್ತುವುದಕ್ಕೆ ಯಾರಾದರೂ ಅಳುತ್ತಾರೆಯೇ? ಆದರೆ ಬಿರುಸಾಗಿ ಹೇಳು ಎಂದು ಹೇಳಿಸಿಕೊಂಡು ಬಂದವಳ ಕಿವಿ ಅಷ್ಟು ಸೂಕ್ಷ್ಮವಾಗಿರುವುದಿಲ್ಲ.

“ಅತ್ರೆ ಕಾಲು ಉಳಿಯಲ್ಲ ನೀಲವ್ವ. ನಾನು ಮುಚ್ಚುಮರೆ ಇಲ್ಲದೆ ಹೇಳ್ತಿದೀನಿ, ಇನ್ನೊಂದು ವಾರ ಹಿಂಗೇ ಮಾಡಿದ್ರೆ ಕಾಲು ತೆಗೀಬೇಕಾಗುತ್ತೆ. ಬಿಡು ಅಂದ ತಕ್ಷಣ ಬಿಡಬೇಕು, ಅರ್ಧಂಬರ್ಧ ಅಲ್ಲ, ಪೂರ್ತಿ ಬಿಡಬೇಕು. ಹೇಳ್ತೀರಾ ಅವಳಿಗೆ?”

ಆ ಕಡೆ ಕತ್ತರಿ ಕೆಳಗಿಟ್ಟ ಸದ್ದಾಯಿತು. ಆಮೇಲೆ ನೀಲವ್ವ, “ಹೇಳತೀನ್ರಿ,” ಎಂದಳು. “ಇವತ್ತಿನಿಂದ ಪೂರ್ತಿ ಬಿಡಸ್ತೀನಿ. ನಾ ಅದೇನಿ ಬಿಡ್ರಿ.”

ಮಾರನೆಯ ದಿನ ಬೆಳಗಿನ ಹನ್ನೊಂದು ನಿಮಿಷದಲ್ಲಿ ಆ ಮೂಳೆ ನೂರಾ ನಲವತ್ತು ಸಲ ಲೊಚಗುಟ್ಟಿತು. ಹಿಂದಿನ ದಿನ ನಲವತ್ತು ಇತ್ತು. ಪಟ್ಟಿ ಒಂದೊಂದು ಸಲ ಹೇಳಿದಾಗಲೂ ಭಾರದ ಗೆರೆ ಗೋಡೆಯಂತೆ ನೆಟ್ಟಗೆ ಎದ್ದು ನಿಲ್ಲುತ್ತಿತ್ತು. ಗಂಗಾಂಬಿಕೆ ನೀಲವ್ವನಿಗೆ ನಾಲ್ಕು ಸಲ ಫೋನು ಮಾಡಿದಳು, ಎತ್ತಲಿಲ್ಲ. ಪಕ್ಕದವಳಿಗೆ ತನ್ನ ಪರದೆ ಒಪ್ಪಿಸಿ, ಡಾಕ್ಟರರಿಗೊಂದು ಮಾತು ಹೇಳಿ, ಸಿಕ್ಕ ಗಾಡಿ ಹತ್ತಿದಳು. ಸಂಜೆ ನಾಲ್ಕೂವರೆಗೆ ಎರಡನೇ ಸರತಿ ಶುರುವಾಗುತ್ತದೆ, ಅಷ್ಟರೊಳಗೆ ಮುಟ್ಟಬೇಕು ಎಂಬುದೊಂದೇ ತಲೆಯಲ್ಲಿತ್ತು. ದಾರಿಯುದ್ದಕ್ಕೂ ಆ ಹುಡುಗಿಯನ್ನು ಬೈಯುವ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದಳು. ಜೋಡಿಸುತ್ತಲೇ ತನ್ನ ಮೇಲೆ ತನಗೇ ಸಿಟ್ಟು ಬರುತ್ತಿತ್ತು. ನೋಡದ ಮಗುವಿನ ಮೇಲೆ ಇಷ್ಟೊಂದು ಕೋಪ ಯಾಕೆ ಎಂದು.

ಗುಳೇದಗುಡ್ಡ ಮುಟ್ಟಿದಾಗ ಐದು ನಿಮಿಷ ಮೀರಿತ್ತು.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಊರಿನಲ್ಲಿ ಉಳಿದ ಮೂರು ಕುಣಿಮಗ್ಗಗಳಲ್ಲಿ ಒಂದು ಆ ಮನೆಯಲ್ಲಿತ್ತು, ಲಾಳಿಯ ಸದ್ದೇ ದಾರಿ ತೋರಿಸಿತು. ಬಾಗಿಲು ತೆರೆದೇ ಇತ್ತು. ಒಳಗೆ ಪಡಸಾಲೆಯ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ಹುಡುಗಿಯ ಅಜ್ಜ ಸಂಗನಬಸಪ್ಪ ಖಣ ನೇಯುತ್ತ ಕೂತಿದ್ದ. ಎದುರಿನ ಗೋಡೆಗೆ ಆಸ್ಪತ್ರೆಯವರೇ ಕೊಟ್ಟ ಎರಡು ಹಿಡಿಕೆಗಳನ್ನು ಹಾಕಿದ್ದರು. ಅವುಗಳ ನಡುವೆ ಹುಡುಗಿ ನಿಂತಿದ್ದಳು. ಮದ್ದಿಗೆ ಉದುರಿ ಮತ್ತೆ ಹುಟ್ಟಿದ ಗುಂಗುರು ಕೂದಲು, ತೆಳ್ಳಗಿನ ಕತ್ತು, ತೊಡೆಯ ಮೇಲೆ ಬೂದು ಬಣ್ಣದ ಪಟ್ಟಿ. ಬಲಗಾಲನ್ನು ನೆಲದಿಂದ ಎತ್ತಿ ಹಿಡಿದಿದ್ದಳು. ನೀಲವ್ವ ಅವಳ ಬೆನ್ನ ಹಿಂದೆ ನಿಂತು ಎರಡೂ ಭುಜದ ಮೇಲೆ ಕೈಯಿಟ್ಟಿದ್ದಳು.

ಪಟ್ಟಿ ಮಾತಾಡಿತು. ಗಂಗಾಂಬಿಕೆಯ ದನಿ, ಆರು ವರ್ಷ ಚಿಕ್ಕ ವಯಸ್ಸಿನ, ತುಸು ಹೆಚ್ಚೇ ಮುದ್ದಾದ ದನಿ: “ಭಾರ ಬಿಡು.”

ಹುಡುಗಿ ತುಟಿ ಕಚ್ಚಿ ಎರಡೂ ಹಿಡಿಕೆಗಳಿಂದ ಕೈ ತೆಗೆದಳು. ಮೈಯ ಅಷ್ಟೂ ತೂಕವನ್ನು ಎಡಗಾಲಿನ ಮೇಲೆ ಇಳಿಬಿಟ್ಟಳು. ಕಣ್ಣಿಂದ ನೀರು ಬಳಬಳ ಇಳಿಯಿತು, ಬಾಯಿಂದ ಮಾತ್ರ ಒಂದು ಸದ್ದಿಲ್ಲ.

“ಬಿಡು, ನನ್ನವ್ವ, ಇನ್ನಷ್ಟ ಬಿಡು,” ಎಂದು ಅಜ್ಜ ಮಗ್ಗದಿಂದಲೇ ಹುರಿದುಂಬಿಸಿದ. “ಹಲಗಿ ಮ್ಯಾಲ ಹೆಂಗ ಬಿಡತಿದ್ದಿ? ಹಂಗs.” ಹೇಳುತ್ತ ತನ್ನ ಕಾಲಡಿಯ ಹಲಗೆಯ ಮೇಲೆ ಭಾರ ಬಿಟ್ಟು ತೋರಿಸಿದ. ಹಲಗೆ ಕೆಳಗಿಳಿಯಿತು, ಹಾಸಿನ ಎಳೆಗಳು ಎರಡಾಗಿ ಬಾಯಿ ತೆರೆದವು, ಲಾಳಿ ಸರ್ರೆಂದು ಹಾಯಿತು.

ನೀಲವ್ವ ಮಗಳ ಭುಜವನ್ನು ಮೆಲ್ಲಗೆ ಕೆಳಕ್ಕೆ ಒತ್ತುತ್ತಿದ್ದಳು. ಪೂರ್ತಿ ಬಿಡಲೆಂದು.

ಗಂಗಾಂಬಿಕೆ ಓಡಿಹೋಗಿ ಹುಡುಗಿಯನ್ನು ಸೊಂಟಕ್ಕೆ ಕೈಹಾಕಿ ಎತ್ತಿದಳು. ಎತ್ತಿದವಳಿಗೆ ಕೆಳಗಿಳಿಸಲು ಧೈರ್ಯ ಬರಲಿಲ್ಲ, ಹಾಗೇ ನಿಂತಳು. ಹದಿಮೂರು ವರ್ಷದ ಹುಡುಗಿ ಎಂಟು ವರ್ಷದವಳಷ್ಟು ಹಗುರವಾಗಿದ್ದಳು.

“ಯಾರ್ರಿ ನೀವು?” ಎಂದು ನೀಲವ್ವ ಗಾಬರಿಯಿಂದ ಕೇಳಿದಳು. ಆದರೆ ಗಂಗಾಂಬಿಕೆ “ನಾನಮ್ಮ” ಎಂದೊಡನೆ ದನಿಯಿಂದಲೇ ಗುರುತು ಹತ್ತಿತು. “ಬಿಡಾಕತ್ತಿದ್ಳಲ್ರಿ ಮೇಡಂ. ಪೂರ್ತಿ ಬಿಡಾಕತ್ತಿದ್ಳು. ಯಾಕ ಎತ್ತಿದ್ರಿ?”

ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಗಂಗಾಂಬಿಕೆಯ ಅಪ್ಪ ಇಪ್ಪತ್ತೆಂಟು ವರ್ಷ ಹಮಾಲಿ ಮಾಡಿದವನು. ಲಾರಿಯಿಂದ ಚೀಲ ಬೆನ್ನಿಗೇರಿಸಿಕೊಂಡು ಅಟ್ಟಿಯ ಹತ್ತಿರ ಬಂದಾಗ, ಅಲ್ಲಿ ನಿಂತವನು ಚೀಲದ ಕಿವಿ ಹಿಡಿದು “ಭಾರ ಬಿಡು” ಎನ್ನುತ್ತಿದ್ದ. ಹೊತ್ತವನು ಬೆನ್ನು ಕೊಡವಿ ಚೀಲ ಕಳಚಿ ಹಗುರಾಗುತ್ತಿದ್ದ. ಅಪ್ಪನಿಗೆ ಬುತ್ತಿ ಒಯ್ಯುತ್ತಿದ್ದ ಗಂಗಾಂಬಿಕೆಗೆ ಇಡೀ ಮಂಡಿಯಲ್ಲಿ ಇಷ್ಟವಾದ ಮಾತು ಅದೊಂದೇ. ಅದು ಕೇಳಿದರೆ ಅಪ್ಪನ ಬೆನ್ನು ನೆಟ್ಟಗಾಗುತ್ತಿತ್ತು. ಆರು ವರ್ಷದ ಹಿಂದೆ ಬೆಂಗಳೂರಿನಲ್ಲಿ ಪಟ್ಟಿಗೆ ಮಾತು ತುಂಬುವಾಗ ಕಾಲನ್ನು ಹಗುರ ಮಾಡುವುದಕ್ಕೆ ಏನನ್ನಬೇಕೆಂದು ಚರ್ಚೆ ಎದ್ದಿತ್ತು. ಕಂಪ್ಯೂಟರು ‘ಭಾರಮುಕ್ತಗೊಳಿಸಿ’ ಎಂದು ಸೂಚಿಸಿತ್ತು. ಎಲ್ಲರೂ ನಕ್ಕಿದ್ದರು. ಆಗ ದನಿ ಕೊಡಲು ಬಂದಿದ್ದ ಗಂಗಾಂಬಿಕೆ, “ನಮ್ಮ ಮಂಡೀಲಿ ಭಾರ ಬಿಡು ಅಂತಾರೆ ಸರ್,” ಎಂದಿದ್ದಳು. ಇದು ಜನರ ಕನ್ನಡ ಎಂದು ದೊಡ್ಡವರೊಬ್ಬರು ಮೇಜು ತಟ್ಟಿದ್ದರು. ಆ ದಿನ ಅವಳು ಅಪ್ಪನಿಗೆ ಫೋನು ಮಾಡಿ, ನಿನ್ನ ಮಾತು ಮಕ್ಕಳ ಕಾಲು ಕಾಯುತ್ತದೆ ಎಂದು ಹೇಳಿಕೊಂಡಿದ್ದಳು.

ನೇಯುವ ಮನೆಯಲ್ಲಿ ಭಾರ ಬಿಡುವುದೆಂದರೆ ಕಾಲಡಿಯ ಹಲಗೆಯ ಮೇಲೆ ಇಳಿಬಿಡುವುದು. ಮೊದಲು ಹಲಗೆಗೆ ಕಾಲು ಹಾಕಬೇಕು, ಆಮೇಲೆ ಭಾರ ಬಿಡಬೇಕು. ಎಂಟು ವರ್ಷಕ್ಕೇ ಅಜ್ಜನ ಮಗ್ಗದ ಮೇಲೆ ಕೂತವಳು ಶಾಕಂಬರಿ. ಪಟ್ಟಿಯೂ ಮೊದಲು ‘ಭಾರ ಹಾಕು’ ಎಂದಿತು, ಆಮೇಲೆ ‘ಭಾರ ಬಿಡು’ ಎಂದಿತು. ಅವಳಿಗೆ ಅದರಲ್ಲಿ ಅನುಮಾನ ಪಡುವಂಥದ್ದೇನೂ ಕಾಣಲಿಲ್ಲ.

ಇದನ್ನು ಗಂಗಾಂಬಿಕೆ ಹುಡುಗಿಯನ್ನು ಎತ್ತಿಕೊಂಡೇ ಆ ಮೂವರಿಗೆ ಹೇಳಿದಳು. ಕುಂಟುತ್ತ ತಡವರಿಸುತ್ತ ಹೇಳಿದಳು. ಅರ್ಧಕ್ಕೆ ಬರುವಷ್ಟರಲ್ಲಿ ಅಜ್ಜನ ಲಾಳಿ ನಿಂತಿತ್ತು. ನೀಲವ್ವ ತನ್ನ ಎರಡೂ ಅಂಗೈಗಳನ್ನು ಒಮ್ಮೆ ನೋಡಿಕೊಂಡು ಸೆರಗಿನೊಳಗೆ ಮುಚ್ಚಿಕೊಂಡಳು.

“ನಿನ್ನೆ ನೀವs ಅಂದ್ರಲ್ರಿ,” ಎಂದಳು ಸಣ್ಣಗೆ. “ಪೂರ್ತಿ ಬಿಡಸ್ರಿ ಅಂತ.”

“ಅಂದೆ.”

“ನೋಯಾಕತ್ತೈತಿ ಯವ್ವಾ ಅಂದ್ಳು ಕೂಸು. ತಡಕೋ ಅಂದ್ನಿ. ನಾನs ಹೆಗಲ ಒತ್ತಿದ್ನಿ.”

ತಪ್ಪು ನನ್ನದು ಎಂದಳು ಗಂಗಾಂಬಿಕೆ. ಆ ಮಾತು ನಿಜವೇ ಆಗಿತ್ತು, ಆದರೆ ಅದರಿಂದ ನೀಲವ್ವನ ಕೈಗಳಿಗೆ ಏನೂ ಆಗಲಿಲ್ಲ.

ಅದೇ ಸಂಜೆ ಹುಡುಗಿಯನ್ನು ಹುಬ್ಬಳ್ಳಿಗೆ ಮಲಗಿಸಿಕೊಂಡು ತಂದರು. ಡಾಕ್ಟರ್ ಸವದತ್ತಿಮಠ ಚಿತ್ರ ತೆಗೆಸಿ ಗಂಗಾಂಬಿಕೆಯನ್ನು ಒಳಗೆ ಕರೆದರು. ಹಂದರದ ನಡುವೆ ಒಂದು ಕಪ್ಪು ಗೆರೆ ಮುಕ್ಕಾಲು ಭಾಗ ಹಾದಿತ್ತು.

“ಭಾರ ಹಾಕಿದ್ರ ಮುರೀತದ,” ಎಂದರು. “ಹಾಕದಿದ್ರ ಕರಗತದ. ಮಲಗಿಸಿ ನೋಡೋಣು. ಬಿರುಕು ಕೂಡೋದು ಮೊದಲೋ ಹಂದರ ಕರಗೋದು ಮೊದಲೋ.” ಕನ್ನಡಕ ತೆಗೆದಿಟ್ಟು, “ನಾನೂ ನೂರು ಸಲ ಕೇಳೇನ್ರಿ ಆ ಮಾತು. ನನಗ ಅರ್ಥ ಗೊತ್ತಿತ್ತು. ಗೊತ್ತಿದ್ದವರಿಗೆ ಹೊಳಿಯಾಂಗಿಲ್ಲ,” ಎಂದರು.

ಆ ರೂಮಿನಿಂದ ಹೊರಬಂದವಳೇ ಗಂಗಾಂಬಿಕೆ ಹೊಸ ಮಾತು ತುಂಬಿಸಿದಳು. ‘ಕಾಲು ಎತ್ತು’. ಮೂರು ವರ್ಷದ ಕೂಸಿಗೂ ತಿಳಿಯುವಂಥದ್ದು. ಯಾವ ಮಂಡಿಯ ಕನ್ನಡವೂ ಅಲ್ಲ, ಯಾವ ಮಗ್ಗದ ಕನ್ನಡವೂ ಅಲ್ಲ. ಮರುದಿನದ ಹೊತ್ತಿಗೆ ಎಲ್ಲ ಪಟ್ಟಿಗಳೂ ಅದನ್ನೇ ಹೇಳುತ್ತಿದ್ದವು. ಹಳೆಯ ಗೆರೆಗಳನ್ನೆಲ್ಲ ತೆಗೆದು ನೋಡಿದಾಗ ನೇಕಾರರ ಊರುಗಳಾದ ಇಳಕಲ್ಲು ರಬಕವಿ ಕಡೆಯ ಹನ್ನೊಂದು ಮಕ್ಕಳ ಕಾಲು ಇದೇ ದಾರಿ ಹಿಡಿದಿದ್ದದ್ದು ಕಂಡಿತು. ಅವರದಿನ್ನೂ ಶುರು. ಹನ್ನೊಂದೂ ಉಳಿದವು. ಲೊಚ್ ರೂಮಿನವರು ಈ ಮಾತನ್ನು ಅವಳಿಗೆ ಮತ್ತೆ ಮತ್ತೆ ಹೇಳಿದರು, ಔಷಧಿ ಕುಡಿಸುವವರ ಹಾಗೆ. ಅವಳು ಹೂಂಗುಟ್ಟಿದಳು.

ಇಪ್ಪತ್ತಾರು ದಿನ ಶಾಕಂಬರಿ ಮಲಗಿಯೇ ಇದ್ದಳು. ದಿನವೂ ಮಧ್ಯಾಹ್ನ ಗಂಗಾಂಬಿಕೆ ವಾರ್ಡಿಗೆ ಹೋಗಿ ಹತ್ತು ನಿಮಿಷ ಕೂರುತ್ತಿದ್ದಳು. ಹುಡುಗಿಗೆ ಹಾಲು ಕಂಡರಾಗದು, ದಿನಕ್ಕೆ ಮೂರು ಲೋಟ ಕುಡಿಸುತ್ತಿದ್ದರು. “ಎಮ್ಮೀನ ತಂದು ಬಾಜೂಕ ಕಟ್ಟಿಬಿಡ್ರಿ ಅಕ್ಕಾ,” ಎಂದು ಗೊಣಗುತ್ತಿದ್ದಳು. ನೀಲವ್ವ ಮಂಚದ ಇನ್ನೊಂದು ಬದಿಗೆ ಕೂತಿರುತ್ತಿದ್ದಳು. ಗಂಗಾಂಬಿಕೆಯನ್ನು ಬೈಯಲಿಲ್ಲ. ಮಗಳ ಮೈ ಒರೆಸುವ ಹೊತ್ತಿಗೆ ಮಾತ್ರ ನರ್ಸನ್ನು ಕರೆಯುತ್ತಿದ್ದಳು, ತಾನಾಗಿ ಮುಟ್ಟುತ್ತಿರಲಿಲ್ಲ.

ವಾರಕ್ಕೊಂದು ಚಿತ್ರ ತೆಗೆದರು. ಮೊದಲ ವಾರ ಬಿರುಕು ಹಾಗೇ ಇತ್ತು. ಎರಡನೇ ವಾರ ಅದರ ಅಂಚು ಮಸುಕಾದಾಗ ಕೂಡುತ್ತಿದೆಯೇನೋ ಎಂದು ಗಂಗಾಂಬಿಕೆಗೆ ಆಸೆ ಹುಟ್ಟಿತು. ಮೂರನೇ ವಾರ ಗೊತ್ತಾಯಿತು, ಮಸುಕಾದದ್ದು ಬಿರುಕಲ್ಲ, ಸುತ್ತಲಿನ ಹಂದರ. ನಾಲ್ಕನೆಯ ವಾರ ಡಾಕ್ಟರರು ಚಿತ್ರವನ್ನು ಯಾರಿಗೂ ತೋರಿಸಲಿಲ್ಲ. ಮಾರನೇ ಬೆಳಿಗ್ಗೆ ಹತ್ತಕ್ಕೆ ತೊಡೆಯ ಮೇಲಿನಿಂದ ಕಾಲು ತೆಗೆಯುವುದೆಂದು ತೀರ್ಮಾನವಾಯಿತು.

ತೆಗೆಯುವ ಮುನ್ನ ಕಂಪ್ಯೂಟರಿಗೆ ಒಂದು ಅರ್ಜಿ ತುಂಬಬೇಕಿತ್ತು. ‘ಹಂದರ ಕೈಕೊಟ್ಟ ಕಾರಣ’ ಎಂಬ ಸಾಲಿನ ಮುಂದೆ ನಾಲ್ಕು ಉತ್ತರ ಇದ್ದವು: ಬಿದ್ದದ್ದು, ಸೋಂಕು, ಕ್ಯಾನ್ಸರು ಮರುಕಳಿಸಿದ್ದು, ರೋಗಿ ಸೂಚನೆ ಪಾಲಿಸದಿದ್ದದ್ದು. ಲೊಚ್ ರೂಮಿನವರೇ ತುಂಬಬೇಕಾದದ್ದು ಅದು. ಬೆಳಿಗ್ಗೆ ಎಂಟೂವರೆಗೆ ಗಂಗಾಂಬಿಕೆ ಅದರ ಮುಂದೆ ಕೂತು ಡಾಕ್ಟರರನ್ನು ಕರೆಸಿದಳು.

“ಕೊನೇದು ಒತ್ತಿಬಿಡ್ರಿ,” ಎಂದರು ಸವದತ್ತಿಮಠ. “ಬ್ಯಾರೆ ಯಾವುದೂ ಹೊಂದಾಂಗಿಲ್ಲ. ಅರ್ಜಿ ಹೋಗದs ಆಪರೇಷನ್ ಕೋಣಿ ಬಾಗಲಾ ತಗಿಯಾಂಗಿಲ್ಲ.”

“ಪಾಲಿಸಿಲ್ಲ ಅಂತ ಒತ್ತಿದ್ರೆ ಮುಂದೇನಾಗುತ್ತೆ ಸರ್?”

ಡಾಕ್ಟರರು ಕುರ್ಚಿಯೆಳೆದು ಕೂತರು. “ಪಾಲಿಸದ ಮಕ್ಕಳನ್ನ ಪಟ್ಟಿ ಯೋಜನೆಯಿಂದ ತಗೀತಾರ. ನಿಮಗೂ ಗೊತ್ತದ.”

ಗೊತ್ತಿತ್ತು. ಹುಡುಗಿಯ ಬೆನ್ನುಮೂಳೆಯ ಮಣಿಗಳು ಮುದುಕಿಯ ಮಣಿಗಳಷ್ಟು ಜಾಳಾಗಿದ್ದವು. ಇನ್ನು ಜೀವಮಾನವಿಡೀ ಒಂಟಿಯಾಗಿ ಹೊರಬೇಕಾದ ಬಲಗಾಲೂ ಅಷ್ಟೇ. ಯೋಜನೆಯಿಂದ ತೆಗೆದರೆ ಅವಕ್ಕೆ ಪಟ್ಟಿ ಸಿಗುವುದಿಲ್ಲ, ಅವುಗಳ ಮಾತು ಕೇಳುವವರು ಯಾರೂ ಇರುವುದಿಲ್ಲ.

“ಮಾತು ತಪ್ಪಾಗಿತ್ತು ಅಂತ ಬರೆಯೋಕೆ ಜಾಗ ಇಲ್ವಾ?”

“ಮ್ಯಾಲಿನವರಿಗೆ ನಾ ಎರಡ ಸಲ ಬರದೇನ್ರಿ. ಮುಂದಿನ ವರ್ಷ ಸಾಲು ಸೇರಸ್ತೀವಿ ಅಂದಾರ.” ಅವರು ಎದ್ದರು. “ಒಂದೂವರೆ ತಾಸದ. ಆಕೀನ್ನ ಒಮ್ಮೆ ನೋಡಿ ಬಂದು ತುಂಬ್ರಿ.”

ವಾರ್ಡಿನಲ್ಲಿ ಹುಡುಗಿಗೆ ಹಸಿರು ಅಂಗಿ ತೊಡಿಸಿದ್ದರು. ಪಟ್ಟಿ ಬಿಚ್ಚಿ ಪಕ್ಕದ ಮೇಜಿನ ಮೇಲಿಟ್ಟಿದ್ದರು. ನೀಲವ್ವ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು.

“ಅಕ್ಕಾ, ಒಂದ ಕೇಳ್ಲಿ?” ಎಂದಳು ಶಾಕಂಬರಿ. “ಎಲುಬು ಮುರದಿದ್ದು ನಾ ಸುಮಾರ ಮಾಡಿದ್ದಕ್ಕೇನು?”

“ಇಲ್ಲ ಪುಟ್ಟ. ನಾನು ಹೇಳಿದ್ದು ತಪ್ಪಾಗಿತ್ತು.”

“ನೀವು ಹೇಳಿದಂಗs ಮಾಡೇನಲ್ಲ?”

“ಮಾಡಿದೀಯ.”

“ಬರೋಬ್ಬರಿ?”

“ಯಾರೂ ಇಷ್ಟು ಸರಿಯಾಗಿ ಮಾಡಿಲ್ಲ,” ಎಂದಳು ಗಂಗಾಂಬಿಕೆ. ಅಳಬಾರದು ಎಂದು ಗಟ್ಟಿ ಮಾಡಿಕೊಂಡು ಬಂದಿದ್ದಳು, ಆಗಲಿಲ್ಲ.

ಹುಡುಗಿ ತಾಯಿಯ ಬೆನ್ನ ಕಡೆ ನೋಡಿ ದನಿ ತಗ್ಗಿಸಿದಳು. “ಹಂಗಂತ ನಮ್ಮವ್ವಗ ಬರದು ಕೊಡ್ರಿ. ಆಕಿ ಬಾಯಿಲೆ ಹೇಳಿದ್ರ ನಂಬಾಂಗಿಲ್ಲ. ಮುಂಜಾನಿ, ಸಂಜಿ, ಒಂದ ದಿನಾನೂ ತಪ್ಪಿಸಿಲ್ಲ ಅಂತ ಬರೀರಿ.”

ಗಾಲಿಮಂಚದವರು ಬಂದರು. ನೀಲವ್ವ ತಿರುಗಿದಳು. ಮಗಳ ಹಣೆಯ ಹತ್ತಿರ ಕೈ ತಂದು, ಮುಟ್ಟದೆ, ಹಿಂದಕ್ಕೆಳೆದುಕೊಂಡಳು.

ಗಂಗಾಂಬಿಕೆ ಮೂರನೇ ಮಹಡಿಗೆ ಹೋಗಿ ಪರದೆಯ ಮುಂದೆ ಕೂತಳು. ಕಾರಣದ ಸಾಲಿನಲ್ಲಿ ನಾಲ್ಕು ಉತ್ತರಗಳನ್ನೂ ಬಿಟ್ಟು, ‘ರೋಗಿ ಸೂಚನೆಯನ್ನು ಪೂರ್ತಿಯಾಗಿ ಪಾಲಿಸಿದ್ದು’ ಎಂದು ಬರೆದಳು. ಸಾಲು ಕೆಂಪಾಯಿತು. ಸರಿಯಾದ ಕಾರಣ ಆರಿಸಿ ಎಂದಿತು. ಅವಳು ಮತ್ತೆ ಅದನ್ನೇ ಬರೆದಳು. ಮತ್ತೆ ಕೆಂಪಾಯಿತು. ಹತ್ತಕ್ಕೆ ಐದು ನಿಮಿಷವಿದ್ದಾಗ ಕೆಳಗಿನಿಂದ ಫೋನು ಬಂತು. ಬಾಗಿಲು ತೆರೆಯುತ್ತಿಲ್ಲ, ಹುಡುಗಿಗೆ ಮಂಪರಿನ ಮದ್ದು ಕೊಟ್ಟಾಗಿದೆ, ಬೇಗ ಒತ್ತಿ ಎಂದರು.

ಅವಳು ಕೊನೆಯದನ್ನು ಒತ್ತಿದಳು.